ದುನ್ಯಾಳ ಹವಾಮಾನ

ನಮ್ಮ ದ್ವೀಪದಲ್ಲಿ ಯಾರ ತಲೆ ಕೆಟ್ಟರೂ ತಪ್ಪು ಯೂಗೊದ್ದು. ಯೂಗೊ ಅಂದರೆ ದಕ್ಷಿಣದಿಂದ ಬೀಸುವ ಬಿಸಿ, ಜಿಗುಟು ಗಾಳಿ. ಬಂತೆಂದರೆ ದಿನಗಟ್ಟಲೆ ಹೋಗುವುದಿಲ್ಲ. ಆಕಾಶ ಬೂದಿ ಬಣ್ಣಕ್ಕೆ ತಿರುಗುತ್ತದೆ, ಗೋಡೆ ಬೆವರುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ, ಗಂಡ ಹೆಂಡತಿ ಮಾತು ಬಿಡುತ್ತಾರೆ. ಹಿಂದಿನ ಕಾಲದಲ್ಲಿ ಯೂಗೊ ಬೀಸುವಾಗ ಊರ ಹಿರಿಯರು ಯಾವ ತೀರ್ಪೂ ಕೊಡುತ್ತಿರಲಿಲ್ಲವೆಂದು ನನ್ನ ಮಾವ ಹೇಳುತ್ತಿದ್ದರು. ನಾನು ನಂಬುತ್ತೇನೆ. ಈಗಲೂ ನಂಬುತ್ತೇನೆ, ಮೊದಲೇ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ನನ್ನ ಹತ್ತಿರ ವಾದಕ್ಕೆ ಬರಬೇಡಿ.

ನನ್ನ ಹೆಸರು ವಿಂಕಾ. ಮಗ ಫ್ರಾನೆ, ಸ್ಪ್ಲಿತ್ ಪಟ್ಟಣಕ್ಕೆ ಹೋಗಿಬರುವ ಹಡಗಿನಲ್ಲಿ ಹಗ್ಗ ಕಟ್ಟುವ ಕೆಲಸ. ಅವನ ಹೆಂಡತಿ ದುನ್ಯಾ, ಒಸಿಯೆಕ್ ಕಡೆಯವಳು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಜೋಳದ ಹೊಲ, ಗಾಳಿಗೆ ಒಂದು ಹೆಸರು ಸಹ ಇಲ್ಲ. ಅಂಥ ಊರಿನಿಂದ ಬಂದವಳು ಒಂದೇ ಬೇಸಿಗೆಯಲ್ಲಿ ನನಗಿಂತ ಬೇಗ ಮೀನು ಹೆಚ್ಚುವುದನ್ನು ಕಲಿತಳು. ಶಿಶುವಿಹಾರದ ಮಕ್ಕಳಿಗೆ ಪಾಠ ಹೇಳುತ್ತಾಳೆ, ಶ್ರುತಿ ಬಿಟ್ಟು ಹಾಡುತ್ತಾಳೆ. ಅವಳು ನಕ್ಕರೆ ಎದುರು ಮನೆಯ ಪೆರಿನಾ ಏನಾಯಿತೆಂದು ಕಿಟಕಿ ತೆಗೆಯುತ್ತಾಳೆ. ಸೊಸೆ ಹೇಗಿರಬೇಕೆಂದು ಯಾರಾದರೂ ಕೇಳಿದ್ದರೆ ಇಷ್ಟು ಚೆನ್ನಾಗಿ ಹೇಳುವುದಕ್ಕೆ ನನಗೆ ಬರುತ್ತಿರಲಿಲ್ಲ.

ಆದರೆ ಆಗಾಗ ಇನ್ನೊಬ್ಬ ದುನ್ಯಾ ಬರುತ್ತಿದ್ದಳು. ತಟ್ಟೆ ಇಟ್ಟ ಸದ್ದಿಗೆ ಸಿಡುಕುವವಳು, ಶಿಶುವಿಹಾರದಿಂದ ಬಂದವಳೇ ಗೋಡೆ ಕಡೆ ಮುಖ ಮಾಡಿ ಮಲಗುವವಳು, ತಾನು ಯಾವುದಕ್ಕೂ ಲಾಯಕ್ಕಿಲ್ಲವೆಂದು ಅಳುವವಳು. ಊರಿಗೆ ಊರೇ ಅವಳ ಪರ. "ಪಾಪ, ಹೊರಗಿನವಳು, ಯೂಗೊ ಜಾಸ್ತಿ ಹಿಡಿಯುತ್ತೆ," ಎನ್ನುತ್ತಿದ್ದರು. ನಾನು ದಕ್ಷಿಣದ ಕಿಟಕಿ ಮುಚ್ಚಿ, ಸೇಜ್ ಎಲೆಯ ಕಷಾಯ ಕಾಯಿಸಿ ಕೊಡುತ್ತಿದ್ದೆ. ಯೂಗೊ ಬೀಸುತ್ತಿದ್ದರೆ ಸರಿಯೇ ಸರಿ. ಬೀಸದಿದ್ದರೆ, ಅದು ಬರುವ ಮೊದಲೇ ಅವಳ ಮೈಗೆ ತಿಳಿದಿದೆ ಎನ್ನುತ್ತಿದ್ದೆ. ಬಂದು ಹೋಗಿದ್ದರೆ, ಹೋದದ್ದರ ಉಳಿಕೆ ಎನ್ನುತ್ತಿದ್ದೆ. ಹೀಗೆ ಲೆಕ್ಕ ಹಾಕಿದರೆ ವರ್ಷದಲ್ಲಿ ಯೂಗೊ ಇಲ್ಲದ ದಿನವೇ ಇಲ್ಲ, ಅದು ನನಗೆ ಹೊಳೆದಿರಲಿಲ್ಲ.

ಫ್ರಾನೆಯ ಹೆಸರಿನ ಸಂತನ ಹಬ್ಬದ ದಿನ ಊಟಕ್ಕೆ ಕೂತಿದ್ದೆವು. ಹಿಂದಿನ ದಿನವೇ ವೈನಿನಲ್ಲಿ ನೆನೆಹಾಕಿ ಬೇಯಿಸಿದ ಮಾಂಸ, ಆಲೂಗಡ್ಡೆಯ ಉಂಡೆ, ದುನ್ಯಾ ಮಾಡಿದ ಸೊಪ್ಪು. ಫ್ರಾನೆ ಸೊಪ್ಪು ಬಾಯಿಗಿಟ್ಟು, "ಉಪ್ಪು ಸ್ವಲ್ಪ ಕಮ್ಮಿ," ಎಂದ. ಅಷ್ಟೇ ಅಂದದ್ದು. ದುನ್ಯಾ ಚಮಚ ಕೆಳಗಿಟ್ಟಳು.

"ನಾನಿಲ್ಲದಿದ್ರೆ ನಿಮಗೆಲ್ಲ ಒಳ್ಳೇದು," ಎಂದಳು.

"ಯೂಗೊ," ಎಂದೆ ನಾನು, ಫ್ರಾನೆಗೆ.

"ಅತ್ತೆ, ಕಿಟಕಿ ಹೊರಗೆ ನೋಡಿ. ಒಂದು ಎಲೆ ಅಲ್ಲಾಡ್ತಿಲ್ಲ." ಅವಳ ದನಿ ಏರಲಿಲ್ಲ, ಅದೇ ನನಗೆ ಹೆಚ್ಚು ಕಸಿವಿಸಿಯಾಯಿತು. "ನಮ್ಮಮ್ಮಂಗೂ ಹೀಗೇ ಇತ್ತು. ಮನಸ್ಸು ಏರೋದು, ಬೀಳೋದು, ಆ ಕಾಯಿಲೆ. ಆಸ್ಪತ್ರೆಗೆ ಸೇರಿಸಿದ್ರು, ಒಂದ್ಸಲ ಅಲ್ಲ. ಈಗ ನಾನು ಅವಳೇ ಆಗ್ತಿದ್ದೀನಿ. ಹಾಗಿದ್ರೆ ನಾನು ಇಲ್ಲಿರಲ್ಲ. ಫ್ರಾನೆ ಮಕ್ಕಳು ಬೇಕು ಅಂತಾನೆ. ಬೇರೆಯವಳ ಹತ್ರ ಮಾಡ್ಕೊಳ್ಳಲಿ. ನಾನು ಯಾರನ್ನೂ ಹಾಳು ಮಾಡಲ್ಲ."

ಅವಳ ಅಮ್ಮನ ವಿಷಯ ನಮಗೆ ಗೊತ್ತಿರಲಿಲ್ಲ. ಫ್ರಾನೆ ಮಾತು ಕಡಿಮೆಯ ಹುಡುಗ. ಎದ್ದು ಬಂದು ಅವಳ ಕುರ್ಚಿಯ ಹಿಂದೆ ನಿಂತು, "ನಾಳೆ ಜ್ರಿಂಕಾ ಹತ್ರ ಹೋಗ್ತೀವಿ," ಎಂದ.

ಜ್ರಿಂಕಾ ನಮ್ಮ ದ್ವೀಪದ ಡಾಕ್ಟರು, ಮೇಲಿನ ಓಣಿಯ ಹುಡುಗಿ. ನಾನೂ ಹೋದೆ, ಬೇಡವೆನ್ನುವ ಧೈರ್ಯ ಯಾರಿಗಿದೆ. ಅವಳು ದುನ್ಯಾಳನ್ನು ಕೇಳಿದ ಮೊದಲ ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಎರಡನೆಯದಕ್ಕೂ ಕೊಟ್ಟೆ.

"ದೊಡ್ಡಮ್ಮ, ರೋಗಿ ಯಾರು?" ಎಂದಳು ಜ್ರಿಂಕಾ.

"ಅವಳೇ."

"ಮತ್ತೆ ನಿಮ್ಮ ಬಾಯಿ ಯಾಕೆ ಓಡ್ತಿದೆ?"

"ನಿನ್ನ ಮೂಗು ಒರೆಸಿದವಳು ನಾನು ಕಣೇ."

"ಅದಕ್ಕೇ ಹೊರಗೆ ಕಳಿಸ್ತಿಲ್ಲ. ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತೆ. ದುನ್ಯಾ ಅಮ್ಮನ ಕಾಯಿಲೆಯ ವಿಷಯ ಹೇಳಿದಳು. ಜ್ರಿಂಕಾ ಒಂದೊಂದಾಗಿ ಕೇಳಿದಳು. ನಿದ್ದೆಯಿಲ್ಲದೆ ಇದ್ದೂ ದಣಿವಾಗದ ದಿನಗಳಿವೆಯೇ, ಆಗ ಲೋಕವನ್ನೇ ಗೆಲ್ಲುತ್ತೇನೆ ಎನ್ನಿಸುತ್ತದೆಯೇ, ಕೈಗೆ ಸಿಕ್ಕಿದ್ದೆಲ್ಲ ಕೊಳ್ಳುತ್ತಾಳೆಯೇ. ಇಲ್ಲ. ಕೂದಲು ಉದುರುತ್ತದೆಯೇ, ಎಲ್ಲರಿಗಿಂತ ಹೆಚ್ಚು ಚಳಿಯಾಗುತ್ತದೆಯೇ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ. ಒಂದೊಂದು ಸಲ. ಕುಡಿಯುತ್ತಾಳೆಯೇ, ಏನಾದರೂ ಮಾತ್ರೆ ನುಂಗುತ್ತಾಳೆಯೇ. ಇಲ್ಲ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಸಾಯ್ಬೇಕು ಅನ್ಸುತ್ತಾ?" ಎಂದು ನೇರವಾಗಿ ಕೇಳಿದಳು.

"ಸಾಯ್ಬೇಕು ಅಂತಲ್ಲ," ಎಂದಳು ದುನ್ಯಾ. "ಇಲ್ದಂಗೆ ಆಗ್ಬೇಕು ಅಂತ."

"ಹಾಗೆ ಅನ್ಸಿದಾಗ ಒಬ್ಬಳೇ ಇರ್ಬೇಡ. ನನಗೆ ಫೋನ್ ಮಾಡು, ಯಾವ ಹೊತ್ತಾದ್ರೂ ಸರಿ. ಫ್ರಾನೆ, ದೊಡ್ಡಮ್ಮ, ನೀವೂ ಕೇಳಿಸ್ಕೊಂಡ್ರಲ್ಲ."

ಕೇಳಿಸಿಕೊಂಡೆವು.

"ಇದೇನು ಕಾಯಿಲೆ?" ಎಂದು ದುನ್ಯಾ ಕೇಳಿದಳು.

"ಗೊತ್ತಿಲ್ಲ."

ನನಗೆ ಸಿಟ್ಟು ಬಂತು. ಅಷ್ಟು ವರ್ಷ ಓದಿ ಬಂದದ್ದು ಇದನ್ನು ಹೇಳುವುದಕ್ಕೇ ಎಂದು ಬಾಯಿ ತುದಿಗೆ ಬಂದಿತ್ತು. ನನ್ನ ಮುಖ ನೋಡಿ ಜ್ರಿಂಕಾ ನಕ್ಕಳು.

"ದೊಡ್ಡಮ್ಮ, ಥೈರಾಯಿಡ್ ಕೆಟ್ಟಿದ್ರೂ ಹೀಗೇ ಕಾಣುತ್ತೆ. ರಕ್ತ ಕಮ್ಮಿಯಾದ್ರೂ ಹೀಗೇ. ಖಿನ್ನತೆ ಅಂತೀವಲ್ಲ, ಅದಾದ್ರೂ ಹೀಗೇ. ಇವಳಮ್ಮನ ಕಾಯಿಲೆಯಾದ್ರೂ ಬೀಳೋ ಹೊತ್ತಿಗೆ ಹೀಗೇ. ಇನ್ನೊಂದಿದೆ, ಮುಟ್ಟಾಗೋ ಮುಂಚೆ ಮಾತ್ರ ಬಂದು, ಮುಟ್ಟಾದಮೇಲೆ ಬಿಟ್ಟು ಹೋಗೋದು. ಎಲ್ಲವೂ ಒಂದೇ ಬಟ್ಟೆ ಹಾಕ್ಕೊಂಡು ಬರ್ತವೆ. ಮುಖ ನೋಡಿ ಹೇಳಕ್ಕಾಗಲ್ಲ. ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ, ಅದನ್ನ ಕಾಯ್ಬೇಕು."

"ಪ್ರತಿ ತಿಂಗಳೂ ಬರುತ್ತೆ ಅಂತ ಕಾಣುತ್ತೆ," ಎಂದಳು ದುನ್ಯಾ. "ಇಲ್ಲ, ಯಾವಾಗ್ಲೂ ಇರುತ್ತೆ. ಈಗ ಕೇಳಿದ್ರೆ ಯಾವಾಗ್ಲೂ ಇತ್ತು ಅನ್ಸುತ್ತೆ."

"ಅದಕ್ಕೇ ನೆನಪಿನಿಂದ ಹೇಳ್ಬೇಡ. ಇವತ್ತು ಬೇಜಾರಾಗಿದ್ರೆ ನೆನಪಿಗೆ ಹಿಂದಿನದೆಲ್ಲ ಬೇಜಾರೇ. ಆಯಾ ದಿನದ್ದು ಆಯಾ ದಿನ ಹೇಳು. ಎಷ್ಟು ಕಷ್ಟವಾಯ್ತು ಅಂತ ಒಂದರಿಂದ ಆರರೊಳಗೆ ಒಂದು ಸಂಖ್ಯೆ. ಎರಡು ಸಲ ಮುಟ್ಟಾಗಿ ಮುಗೀಲಿ. ಅಲ್ಲೀವರೆಗೂ ನಿನಗೆ ನಿಮ್ಮಮ್ಮನ ಕಾಯಿಲೆ ಇದೆ ಅಂತ ನಾನೂ ಹೇಳಲ್ಲ, ನೀನೂ ಹೇಳ್ಬೇಡ."

"ಯೂಗೊ?" ಎಂದೆ, ತಡೆಯಲಾರದೆ.

"ಅದನ್ನೂ ಬಿಡೋದು ಬೇಡ. ನೀವು ದಿನಾ ಗಾಳಿ ನೋಡಿ ಹೇಳಿ."

ಆ ಮಾತು ನನಗೆ ಹಿಡಿಸಿತು. ಸೊಸೆ ತನ್ನ ಸಂಖ್ಯೆ ಹೇಳಲಿ, ನಾನು ಗಾಳಿ ಹೇಳುತ್ತೇನೆ, ಎರಡೂ ಒಂದಕ್ಕೊಂದು ಕೂಡದಿದ್ದರೆ ನನ್ನ ಹೆಸರು ವಿಂಕಾ ಅಲ್ಲ ಎಂದುಕೊಂಡು ಮನೆಗೆ ಬಂದೆ.

ನಮ್ಮ ಅಡುಗೆಮನೆಯಲ್ಲಿ ಸಂಜೆ ರೇಡಿಯೋ ಕಡಲಿನ ಹವಾಮಾನ ಹೇಳುವಾಗ ಯಾರೂ ಮಾತಾಡುವಂತಿಲ್ಲ. ಮೊದಲ ಎರಡು ಸಂಜೆ ಬರೀ ಸಂಖ್ಯೆ ಹೇಳಿದ ದುನ್ಯಾ, ಮೂರನೆಯ ಸಂಜೆ ಅದು ಮುಗಿದ ಕೂಡಲೇ ರೇಡಿಯೋದವನ ಮೂಗಿನ ದನಿಯಲ್ಲೇ ಶುರು ಮಾಡಿದಳು. "ದುನ್ಯಾ ಕಡಲಿನಲ್ಲಿ ಗಾಳಿ ಎರಡು. ಅಲೆ ಸಣ್ಣದು. ಅತ್ತೆಯ ದಿಕ್ಕಿನಿಂದ ಗುಡುಗಿನ ಸಾಧ್ಯತೆ." ಫ್ರಾನೆ ನಕ್ಕು, ಎರಡು ಎಂದು ಫೋನಿನಲ್ಲಿ ಒತ್ತಿದ. ನಾನು ಬಂದರಿನ ಬಾವುಟ ನೋಡಿ ಬಂದು ಗಾಳಿ ಹೇಳಿದೆ, ಅದನ್ನೂ ಒತ್ತಿದ. ಆಮೇಲೆ ದಿನವೂ ಅದೇ. ಫ್ರಾನೆ ಸ್ಪ್ಲಿತ್‌ನಲ್ಲಿ ಉಳಿದ ದಿನ ಫೋನ್ ಮಾಡಿ, "ಕಡಲು ಹೇಗಿದೆ?" ಎನ್ನುತ್ತಿದ್ದ. ಅವಳ ಗಾಳಿ ಏರಿದ ದಿನಗಳಲ್ಲಿ ಮೂಗಿನ ದನಿ ಇರುತ್ತಿರಲಿಲ್ಲ. ಬರೀ ಸಂಖ್ಯೆ ಹೇಳಿ ಎದ್ದು ಹೋಗುತ್ತಿದ್ದಳು.

ರಕ್ತದ ಪರೀಕ್ಷೆ ಬಂತು. ಥೈರಾಯಿಡ್ ಸರಿಯಿದೆ, ರಕ್ತವೂ ಸರಿಯಿದೆ. ನನಗೆ ನಿರಾಸೆಯೇ ಆಯಿತು. ರಕ್ತ ಕಮ್ಮಿ ಎಂದಿದ್ದರೆ ಮೂರು ಹೊತ್ತೂ ಮಾಂಸ ಬೇಯಿಸಿ ಹಾಕಿ ಅವಳನ್ನು ದುಂಡಗೆ ಮಾಡಿಬಿಡುತ್ತಿದ್ದೆ. ದುನ್ಯಾ ಅತ್ತಳು. ಬೇರೆ ಯಾವ ಕಾಯಿಲೆಯೂ ಇಲ್ಲವೆಂದರೆ ಉಳಿದದ್ದು ಅಮ್ಮನದೇ ಎಂದು ಅವಳ ಲೆಕ್ಕ.

ಆಮೇಲೆ ನಿಜವಾದ ಯೂಗೊ ಬಂತು. ಎಂಥ ಯೂಗೊ ಅಂತೀರಿ. ಪೆರಿನಾಳ ಬೆಕ್ಕಿನ ವಿಷಯಕ್ಕೆ ನಾನೂ ಅವಳೂ ಮಾತು ಬಿಟ್ಟೆವು. ಪಾದ್ರಿ ಪ್ರಾರ್ಥನೆಯ ನಡುವೆ ಕೆಮ್ಮಿದವರನ್ನು ಗದರಿದರು. ಫ್ರಾನೆ ಬೂಟನ್ನು ಗೋಡೆಗೆಸೆದ. ನಾನು ಮನಸ್ಸಿನಲ್ಲೇ ದುನ್ಯಾಳ ಸಂಖ್ಯೆ ಎಷ್ಟಾದೀತೆಂದು ಎಣಿಸುತ್ತಾ ಕಷಾಯ ಕಾಯಿಸಿ ಇಟ್ಟೆ. ಅವಳು ಬಿಸಿನೀರಿನ ಚೀಲವನ್ನು ಶಾಲಿನಲ್ಲಿ ಹೊಟ್ಟೆಗೆ ಕಟ್ಟಿಕೊಂಡು, ಒಲೆಯ ಮುಂದೆ ನಿಂತು ಹಾಡುತ್ತಾ ಹಾಲು ಮೊಟ್ಟೆಯ ತೆಳು ದೋಸೆ ಹುಯ್ಯುತ್ತಿದ್ದಳು.

"ನಿನಗೇನೂ ಆಗ್ತಿಲ್ವಾ?" ಎಂದು ಕೇಳಿದೆ.

"ಹೊಟ್ಟೆ ನೋವು, ಸೊಂಟ ನೋವು. ನಿನ್ನೆ ಮುಟ್ಟಾದೆ."

"ಮನಸ್ಸಿಗೆ?"

"ಮನಸ್ಸು ಚೆನ್ನಾಗಿದೆ ಅತ್ತೆ. ದುನ್ಯಾ ಕಡಲಿನಲ್ಲಿ ಗಾಳಿ ಒಂದು. ಉಳಿದ ದ್ವೀಪದ ಬಗ್ಗೆ ನಮಗೆ ಮಾಹಿತಿ ಇಲ್ಲ."

ಹೇಳಿದರೆ ನಗುತ್ತೀರಿ, ನನಗೆ ಅವಮಾನವಾದಂತಾಯಿತು. ಯೂಗೊ ಪರವಾಗಿ ಅವಮಾನ. ಇಷ್ಟು ದೊಡ್ಡ ಗಾಳಿ ಬಂದರೂ ಕ್ಯಾರೇ ಅನ್ನುತ್ತಿಲ್ಲವಲ್ಲ ಇವಳು ಎಂದು.

ಕೆಲವು ವಾರ ಕಳೆದು ಬೂರಾ ಶುರುವಾಯಿತು. ಬೂರಾ ಉತ್ತರದ ಗಾಳಿ, ಒಣ ಚಳಿ. ಅದು ಬೀಸಿದರೆ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಅಟ್ಟದಲ್ಲಿ ತೂಗುಹಾಕಿದ ಹಂದಿ ತೊಡೆ ಚೆನ್ನಾಗಿ ಒಣಗುತ್ತದೆ, ಜನ ಲವಲವಿಕೆಯಿಂದ ಓಡಾಡುತ್ತಾರೆ. ಪೆರಿನಾ ಒಣ ಅಂಜೂರ ತಂದು ರಾಜಿಯಾದಳು. ಅವತ್ತಿಗೆ ದುನ್ಯಾಳ ಸಂಖ್ಯೆ ನಾಲ್ಕಾಗಿತ್ತು. ಮರುದಿನ ಐದು. ಅದರ ಮರುದಿನ ರೇಡಿಯೋ ಮುಗಿದ ಮೇಲೆ ಅವಳು ಏನೂ ಹೇಳಲಿಲ್ಲ.

ಬೆಳಿಗ್ಗೆ ಅವಳ ಹಾಸಿಗೆ ಖಾಲಿ. ಕಪಾಟಿನ ಮೇಲಿನ ಚೀಲವೂ ಇಲ್ಲ. ಫ್ರಾನೆ ಸ್ಪ್ಲಿತ್‌ನಲ್ಲಿದ್ದ. ನಾನು ಏಪ್ರನ್‌ನಲ್ಲೇ ಬಂದರಿಗೆ ಓಡಿದೆ. ಈ ವಯಸ್ಸಿನಲ್ಲಿ ಓಡಬಾರದು, ಓಡಿದೆ. ಟಿಕೆಟ್ ಗೂಡಿನ ಹಿಂದೆ, ಗಾಳಿ ತಾಗದ ಕಡೆ, ಅವಳು ಚೀಲದ ಮೇಲೆ ಕೂತಿದ್ದಳು. ಬಿಸಿಲು ಝಗಝಗ ಎನ್ನುತ್ತಿತ್ತು.

"ಬೂರಾಕ್ಕೆ ಹಡಗು ನಿಲ್ಲಿಸಿದ್ದಾರೆ," ಎಂದೆ.

"ಗೊತ್ತು."

"ಮತ್ತೆ ಯಾಕೆ ಕೂತಿದ್ದೀಯ?"

"ಬಿಡೋವರೆಗೂ. ಫ್ರಾನೆ ಹಡಗು ಬರೋ ಮುಂಚೆ ಬೇರೆ ಹಡಗಲ್ಲಿ ಹೋಗ್ಬೇಕು. ಅವನ ಮುಖ ನೋಡಿದ್ರೆ ಹೋಗಕ್ಕಾಗಲ್ಲ."

ಪಕ್ಕದಲ್ಲಿ ನೆಲದ ಮೇಲೆ ಕೂತೆ. ಕಲ್ಲು ಮಂಜುಗಡ್ಡೆಯಾಗಿತ್ತು. ನನ್ನ ಬಾಯಿ ಅಭ್ಯಾಸದಂತೆ ತೆರೆಯಿತು.

"ಹೇಳಿ ಅತ್ತೆ," ಎಂದಳು ದುನ್ಯಾ. "ಇವತ್ತು ಯಾವ ಗಾಳಿ?"

ಬರಲಿರುವ ಯೂಗೊ ಎನ್ನೋಣವೆಂದರೆ ಗೂಡಿನ ಆಚೆ ಬೂರಾ ಭೋರಿಡುತ್ತಿದೆ. ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು. ಯೂಗೊ ಎನ್ನುತ್ತಿದ್ದಷ್ಟು ದಿನ ನಾನು ಹೆದರಬೇಕಾಗಿರಲಿಲ್ಲ. ಹೆದರಿಕೆಯನ್ನೆಲ್ಲ ಈ ಹುಡುಗಿ ಒಬ್ಬಳೇ ಹೊತ್ತುಕೊಂಡು ಓಡಾಡಿದ್ದಳು. ಇವಳು ನನಗೆ ಎಷ್ಟು ಬೇಕು ಎಂಬುದು ಆ ಕಲ್ಲಿನ ಮೇಲೆ ಕೂತಾಗ ತಿಳಿಯಿತು.

"ಯೂಗೊ ಅಲ್ಲ ಮಗಳೇ," ಎಂದೆ. "ಏನು ಅಂತ ನನಗೆ ಗೊತ್ತಿಲ್ಲ. ನೀನು ಕೂತಿರೋವರೆಗೂ ನಾನೂ ಕೂತಿರ್ತೀನಿ."

"ಚಳಿ ಆಗುತ್ತೆ ನಿಮಗೆ."

"ಆಗಲಿ."

ಅವಳು ತನ್ನ ಶಾಲಿನ ಅರ್ಧ ನನಗೆ ಹೊದಿಸಿದಳು. ಹೋಗಿಬಿಡಲು ಬಂದವಳು. ನಾನು ಅವಳ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಜ್ರಿಂಕಾಗೆ ಫೋನ್ ಮಾಡಿದೆ.

ಜ್ರಿಂಕಾ ಗಂಡನ ಸ್ಕೂಟರಿನಲ್ಲಿ ಬಂದಳು. ಬಂದವಳೇ ದುನ್ಯಾಳ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಸಾಯಬೇಕು ಅನ್ನಿಸುತ್ತಿದೆಯೇ ಎಂದು ಮತ್ತೆ ಕೇಳಿದಳು. ಇಲ್ಲ, ಹೋಗಬೇಕು ಅಷ್ಟೇ ಎಂದಳು ದುನ್ಯಾ.

"ಮುಟ್ಟು ಯಾವಾಗ ಬರ್ಬೇಕು?"

"ಇವತ್ತೋ ನಾಳೆಯೋ."

"ಸರಿ. ಹೋಗ್ಬೇಡ ಅನ್ನಲ್ಲ. ಇವತ್ತು ಹೋಗ್ಬೇಡ ಅಂತೀನಿ. ಇನ್ನು ಸ್ವಲ್ಪ ದಿನ ಕಳೆದಮೇಲೂ ಹೋಗ್ಬೇಕು ಅನ್ಸಿದ್ರೆ ನಾನೇ ನಿನ್ನ ಚೀಲ ಹೊತ್ಕೊಂಡು ಬರ್ತೀನಿ."

"ಯೂಗೊದಲ್ಲಿ ತೀರ್ಪು ಕೊಡ್ಬಾರದು," ಎಂದೆ ನಾನು. "ನಿನ್ನ ಯೂಗೊ ಬೇರೆ ಅಷ್ಟೇ." ಜ್ರಿಂಕಾ ನನ್ನ ಕಡೆ ನೋಡಿದಳು. ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ಮುಚ್ಚಿಸಲಿಲ್ಲ.

ದುನ್ಯಾ ಎದ್ದಳು. ಚೀಲ ನಾನೇ ಹೊತ್ತೆ.

ಬೂರಾ ನಿಲ್ಲಲಿಲ್ಲ, ಹಡಗು ಬರಲಿಲ್ಲ. ಆ ದಿನವೆಲ್ಲ ಅವಳು ಮಲಗಿದ್ದಳು, ನಾನು ಪಕ್ಕದಲ್ಲಿ ಕೂತು ಬಟಾಣಿ ಸುಲಿದೆ. ಮರುದಿನ ಬಿಸಿನೀರಿನ ಚೀಲ ಕೇಳಿದಳು. ಅದರ ಮರುದಿನ ಅಡುಗೆಮನೆಗೆ ಬಂದು, "ಅತ್ತೆ, ಹಸಿವು," ಎಂದಳು. ನಾನು ಬ್ರೆಡ್ಡು ಕೊಯ್ಯುತ್ತಾ ಕೊಯ್ಯುತ್ತಾ ಅತ್ತುಬಿಟ್ಟೆ. ಹೊರಗೆ ಗಾಳಿ ಅದೇ, ಬಿಸಿಲು ಅದೇ. ಬದಲಾದದ್ದು ಅವಳು ಮಾತ್ರ.

ಆ ಸುತ್ತೂ ಮುಗಿದ ಮೇಲೆ ಮೂವರೂ ಜ್ರಿಂಕಾಳ ಹತ್ತಿರ ಹೋದೆವು. ಅವಳು ಫ್ರಾನೆಯ ಫೋನಿನ ಸಂಖ್ಯೆಗಳನ್ನು ನೋಡಿದಳು, ನನ್ನ ಗಾಳಿಗಳನ್ನೂ ಮರ್ಯಾದೆಯಿಂದ ನೋಡಿದಳು.

"ದೊಡ್ಡಮ್ಮ, ನಿಮ್ಮ ಯೂಗೊ ನಿರಪರಾಧಿ," ಎಂದಳು. ಆಮೇಲೆ ದುನ್ಯಾಳ ಕಡೆ ತಿರುಗಿ ನಿಧಾನವಾಗಿ ಹೇಳಿದಳು. "ಎರಡು ಸಲನೂ ಮುಟ್ಟಿನ ಮುಂಚಿನ ವಾರ ಏರಿದೆ, ಮುಟ್ಟಾದಮೇಲೆ ಇಳಿದಿದೆ. ನಡುವೆ ನಿನ್ನ ಕಡಲು ಶಾಂತ. ಖಿನ್ನತೆಯೊಂದೇ ಆಗಿದ್ರೆ ಆ ದಿನಗಳಲ್ಲೂ ಮೋಡ ಇರ್ತಿತ್ತು. ಮೊದಲೇ ಇರೋ ಖಿನ್ನತೆ ಮುಟ್ಟಿನ ಮುಂಚೆ ಜಾಸ್ತಿಯಾಗೋದೂ ಉಂಟು, ಆದ್ರೆ ಅದಕ್ಕೂ ನಡುವೆ ಇಷ್ಟು ಒಳ್ಳೇ ದಿನ ಸಿಗಲ್ಲ. ನಿಮ್ಮಮ್ಮಂಗೆ ಇದೆ ಅಂತಾರಲ್ಲ, ಆ ಕಾಯಿಲೇಲಿ ಬೀಳೋದರ ಜೊತೆ ಏರೋದೂ ಇರುತ್ತೆ. ನಿನಗೆ ಏರೋದೇ ಇಲ್ಲ. ಇದು ಮುಟ್ಟಿನ ಮುಂಚೆ ಬರೋ ಮನಸ್ಸಿನ ಕಾಯಿಲೆ. ನಿಜವಾದ ಕಾಯಿಲೆ, ಕೆಟ್ಟ ಸ್ವಭಾವ ಅಲ್ಲ. ಇದಕ್ಕೆ ಔಷಧಿ ಇದೆ. ಸ್ಪ್ಲಿತ್‌ನಲ್ಲಿ ಮನಸ್ಸಿನ ಡಾಕ್ಟರು ಒಂದ್ಸಲ ನೋಡಲಿ, ನನಗೂ ಧೈರ್ಯ."

ಫ್ರಾನೆ ಟೋಪಿ ತೆಗೆದು ಮುಖಕ್ಕೆ ಒತ್ತಿಕೊಂಡ. ದುನ್ಯಾ ಮಾತ್ರ ನಗಲೂ ಇಲ್ಲ, ಅಳಲೂ ಇಲ್ಲ.

"ಮುಟ್ಟಿನ ಮುಂಚೆ ಹೀಗಾಗುತ್ತಾ ಅಂತ ನಮ್ಮಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

"ನಾನು ನೋಡದವರ ಬಗ್ಗೆ ಹೇಳಲ್ಲ," ಎಂದಳು ಜ್ರಿಂಕಾ. "ಅವರಿಗೆ ಮಾತ್ರೆ ನಿಲ್ಲಿಸು ಅಂತ ಮಾತ್ರ ಹೇಳ್ಬೇಡ. ನೀನೇ ಅವರನ್ನ ಕೇಳಬಹುದು."

ಕೇಳಲು ಅವಳಿಗೆ ಧೈರ್ಯ ಬಂದದ್ದು ಔಷಧಿ ಶುರುವಾಗಿ, ಒಂದು ಕೆಟ್ಟ ವಾರ ಅಷ್ಟೇನೂ ಕೆಡದೆ ಕಳೆದ ಮೇಲೆ. ಭಾನುವಾರ ಇಬ್ಬರೂ ಮೀನು ಹೆಚ್ಚುತ್ತಿದ್ದೆವು. ಕೈಯೆಲ್ಲ ಮೀನಾದದ್ದರಿಂದ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಸ್ಪೀಕರಿಗೆ ಹಾಕಿದಳು. ಅವಳ ಅಮ್ಮ ಯಾನ್ಯಾಳ ದನಿ ನಾನು ಮದುವೆಯಲ್ಲಿ ಕೇಳಿದ್ದು, ಮತ್ತೆ ಕೇಳಿದ್ದು ಅವತ್ತೇ. ದುನ್ಯಾ ಎಲ್ಲವನ್ನೂ ಹೇಳಿದಳು. ಕೊನೆಗೆ ಆ ಪ್ರಶ್ನೆ ಕೇಳಿದಳು.

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಬಂತು.

"ಡಾಕ್ಟರುಗಳು ಎಲ್ಲ ಕೇಳಿದ್ರು," ಎಂದಳು ಯಾನ್ಯಾ. "ಅಜ್ಜ ಕುಡೀತಿದ್ರಾ ಅಂತ ಕೂಡ ಕೇಳಿದ್ರು. ಅದನ್ನ ಮಾತ್ರ ಯಾರೂ ಕೇಳಲಿಲ್ಲ. ಆದ್ರೆ ನನಗೆ ಗೊತ್ತಿತ್ತು ಕಣೇ. ನಿನ್ನನ್ನ ತಿಂಗಳು ತಿಂಗಳು ಅಜ್ಜಿ ಮನೆಗೆ ಯಾಕೆ ಕಳಿಸ್ತಿದ್ದೆ ಅನ್ಕೊಂಡೆ?"

ದುನ್ಯಾಳ ಕೈಯಲ್ಲಿ ಚಾಕು ನಿಂತಿತು.

"ನಾನು ನಿನಗೆ ಬೇಡವಾಗಿದ್ದೆ ಅನ್ಕೊಂಡಿದ್ದೆ."

"ಗೊತ್ತು. ಬಸ್ಸು ಹೊರಟ್ರೆ ಒಂದ್ಸಲಾನೂ ನನ್ನ ಕಡೆ ನೋಡ್ತಿರಲಿಲ್ಲ ನೀನು. ಆ ದಿನಗಳಲ್ಲಿ ನನ್ನ ಬಾಯಿಗೆ ನೀನು ಸಿಗಬಾರದು ಅಂತ ಕಳಿಸ್ತಿದ್ದೆ. ಸರಿಹೋದ ತಕ್ಷಣ ಬಂದು ಕರ್ಕೊಂಡು ಹೋಗ್ತಿದ್ದೆ."

"ಅಮ್ಮ," ಎಂದಳು ದುನ್ಯಾ. "ನಾನೂ ಅದಕ್ಕೇ ಫ್ರಾನೆನ ಬಿಟ್ಟು ಹೊರಟಿದ್ದೆ."

"ಆಮೇಲೆ?"

"ಅತ್ತೆ ಬಂದು ಪಕ್ಕದಲ್ಲಿ ಕೂತ್ರು."

"ಒಳ್ಳೇದಾಯ್ತು," ಎಂದಳು ಯಾನ್ಯಾ. "ನನ್ನ ಪಕ್ಕ ಯಾರೂ ಕೂರಲಿಲ್ಲ." ಅದರಲ್ಲಿ ದೂರು ಇರಲಿಲ್ಲ. ಮನೆಯಲ್ಲಿ ಬ್ರೆಡ್ಡು ಮುಗಿದಿದೆ ಎನ್ನುವ ಹಾಗೆ ಹೇಳಿದಳು.

ದುನ್ಯಾ ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನಾನು ಸುಮ್ಮನಿರಬೇಕೆಂದು ಬಹಳ ಪ್ರಯತ್ನಪಟ್ಟೆ.

"ನಾಳೆ ಬೆಳಿಗ್ಗೆ ಹಡಗಿದೆ," ಎಂದೆ. "ಹೋಗಿ ನಿಮ್ಮಮ್ಮನ್ನ ಕರ್ಕೊಂಡು ಬಾ."